ಬೆರಳಿನ ಬಣ್ಣಕ್ಕೆ ನಾನು ಬರೆದ ನಿಯಮ

ಆ ನಿಯಮವನ್ನು ಬರೆದವಳು ನಾನೇ. ಬೇರೆ ಯಾರಾದರೂ ಬರೆದಿದ್ದರೆ ಇಷ್ಟು ಹೊತ್ತಿಗೆ ಹತ್ತು ಜನರ ಮುಂದೆ ಈ ಕಥೆ ಹೇಳಿ, ಬರೆದವರಿಗೆ ಚೆನ್ನಾಗಿ ಬೈದು, ನಿರಾಳವಾಗಿ ಇದ್ದುಬಿಡುತ್ತಿದ್ದೆ.

ಐರ್ಲೆಂಡಿನ ಅತ್ಲೋನ್ ಊರಿನ ನಮ್ಮ ಕಾರ್ಖಾನೆಯಲ್ಲಿ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ತಯಾರಾಗುತ್ತಿತ್ತು. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದಿತಲ್ಲ, ಬಟ್ಟೆ ಒಣಹಾಕುವ ಕ್ಲಿಪ್ಪಿನಂಥ ಪುಟ್ಟ ಯಂತ್ರ, ಅದೇ. ಒಂದು ಕಡೆಯಿಂದ ಕೆಂಪು ಬೆಳಕನ್ನೂ ಕಣ್ಣಿಗೆ ಕಾಣದ ಇನ್ನೊಂದು ಬೆಳಕನ್ನೂ ಬೆರಳಿನೊಳಕ್ಕೆ ಬಿಡುತ್ತದೆ. ಆಚೆ ಕಡೆಗೆ ಎಷ್ಟು ದಾಟಿ ಬಂತೆಂದು ಅಳೆದು, ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟಿದೆ ಎಂದು ಅಂಕಿ ತೋರಿಸುತ್ತದೆ. ನಾನಿದ್ದದ್ದು ಟೆಸ್ಟ್ ವಿಭಾಗದಲ್ಲಿ. ಹೊಸ ಮಾದರಿ ಹೊರಬೀಳುವ ಮುನ್ನ ಕೊನೆಯ ಹಾಳೆಯ ಮೇಲೆ ಬೀಳುತ್ತಿದ್ದ ಸಹಿ ನನ್ನದು.

ಆ ಟೆಸ್ಟ್ ರೂಮು ಈಗಿಲ್ಲ. ನಡುವಿನ ಗೋಡೆ ಒಡೆದು ರಟ್ಟಿನ ಪೆಟ್ಟಿಗೆ ಇಡುವ ಉಗ್ರಾಣ ಮಾಡಿದ್ದಾರೆ. ಹೋದ ತಿಂಗಳು ಏನೋ ಹುಡುಕುತ್ತ ಅಲ್ಲಿಗೆ ಹೋದವಳು, ಕಿಟಕಿ ಇದ್ದ ಜಾಗದಲ್ಲಿ ನಿಂತುಬಿಟ್ಟೆ. ಹಿಂದೆ ಅಲ್ಲಿ ನಿಂತರೆ ಡಬ್ಲಿನ್ ರೈಲು ಕಾಣುತ್ತಿತ್ತು. ಹತ್ತೂವರೆಗೆ ಕೆಟಲ್ ಕುದಿಯುತ್ತಿತ್ತು, ಬೆಸುಗೆಯ ವಾಸನೆಗೆ ಚಹಾದ ವಾಸನೆ ಸೇರುತ್ತಿತ್ತು, ಒಬ್ಬೊಬ್ಬರೇ ಬೆರಳು ಚಾಚಿಕೊಂಡು ಒಳಗೆ ಬರುತ್ತಿದ್ದರು.

ಬೆರಳು ಚಾಚುವುದು ನಮ್ಮ ಕಾರ್ಖಾನೆಯ ಪದ್ಧತಿ. ಹೊಸ ಮಾದರಿ ಬಂದಾಗ ಎಂಟು ಜನರನ್ನು ಕೂರಿಸಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿಸಿ, ಐದು ನಿಮಿಷ ಸುಮ್ಮನೆ ಕೂರಿಸಿ, ಒಂದು ಕೈಗೆ ಹೊಸ ಯಂತ್ರ, ಇನ್ನೊಂದು ಕೈಗೆ ಎಲ್ಲ ಬಗೆಯ ಬೆರಳಿಗೂ ರಕ್ತಪರೀಕ್ಷೆಯೊಂದಿಗೆ ತಾಳೆ ನೋಡಿದ್ದ ಆಸ್ಪತ್ರೆಯ ದೊಡ್ಡ ಮಾನಿಟರ್. ಹೊಸದು ಹತ್ತು ಸೆಕೆಂಡಿನೊಳಗೆ ಅಂಕಿ ತೋರಿಸಬೇಕು, ಎರಡರ ನಡುವಿನ ವ್ಯತ್ಯಾಸ ಎರಡನ್ನು ಮೀರಬಾರದು. ಎಂಟು ಜನ ಎಂದರೆ ಟೀ ಬ್ರೇಕಿನಲ್ಲಿ ಯಾರು ಸಿಕ್ಕರೋ ಅವರು. ಒಂದು ಬೆರಳಿಗೆ ಒಂದು ಬಿಸ್ಕತ್ತು. ಡಬ್ಬ ತುಂಬಿಸುವ ಜವಾಬ್ದಾರಿಯೂ ನನ್ನದೇ.

ಒಂದು ರಂಜಾನ್ ಹಬ್ಬದ ಮಾರನೆಯ ದಿನ ಎಂಟನೆಯವರು ಸಿಗಲಿಲ್ಲ. ನನ್ನ ಬೆರಳನ್ನೇ ಇಟ್ಟೆ. ಬೆಂಗಳೂರಿನಲ್ಲಿ ನಮ್ಮಮ್ಮ ಹಚ್ಚುತ್ತಿದ್ದ ಹಾಗೆ ಹತ್ತೂ ಬೆರಳ ತುದಿಗೆ ಟೋಪಿ ಹಾಕಿದಂತೆ ಗೋರಂಟಿ ಹಚ್ಚಿಕೊಂಡಿದ್ದೆ, ಕಪ್ಪಿಗೆ ತಿರುಗುವಷ್ಟು ಕೆಂಪಾಗಿತ್ತು. ಯಂತ್ರ ತಡಬಡಾಯಿಸಿತು. ಒಂದು ಸಲ ಎಂಬತ್ತೊಂಬತ್ತು, ಮರುಕ್ಷಣ ತೊಂಬತ್ತೆಂಟು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಜಾಣತನ ತೋರಿಸಲು ಹೋಗಿ ಟೆಸ್ಟ್ ಪುಸ್ತಕದಲ್ಲಿ ಆರು ನಿಯಮಗಳ ಕೆಳಗೆ ಏಳನೆಯದನ್ನು ಸೇರಿಸಿದೆ: ಬೆರಳಿನ ಬಣ್ಣ ಅಡ್ಡಿಯಾದಲ್ಲಿ ಆ ರೀಡಿಂಗ್ ಕೈಬಿಟ್ಟು ಬೇರೊಬ್ಬರನ್ನು ಕೂರಿಸುವುದು. ನಮ್ಮ ಕ್ವಾಲಿಟಿ ಮ್ಯಾನೇಜರ್, ಅತ್ಲೋನಿನಲ್ಲೇ ಹುಟ್ಟಿ ಬೆಳೆದ ಮೆತ್ತಗಿನ ಮನುಷ್ಯ, ಓದಿ ನೋಡಿ "ಗ್ರ್ಯಾಂಡ್" ಎಂದರು, ಇಲ್ಲಿಯವರ ಬಾಯಲ್ಲಿ ಅದಕ್ಕೆ ಸರಿಯಾಗಿದೆ ಎಂದಷ್ಟೇ ಅರ್ಥ. ನನಗೂ ಹೆಮ್ಮೆಯೇ ಆಯಿತು.

ಬೆರಳು ದಾಟಿ ಬಂದ ಬೆಳಕನ್ನು ಅಂಕಿಯಾಗಿಸುವ ಲೆಕ್ಕ ನೋಡಿಕೊಳ್ಳುವ ಸಿಗ್ನಲ್ ಇಂಜಿನಿಯರ್ ಬಂದದ್ದು ಅದಾಗಿ ಮೂರು ವರ್ಷಕ್ಕೆ. ತಂದೆ ತಾಯಿ ನೈಜೀರಿಯಾದವರು, ಆಕೆ ಬೆಳೆದದ್ದು ಡಬ್ಲಿನ್ನಿನ ಅಂಚಿನ ಕ್ಲಾಂಡಾಲ್ಕಿನ್‌ನಲ್ಲಿ. ಆಕೆಯ ಡಬ್ಲಿನ್ ಮಾತಿನ ವೇಗಕ್ಕೆ ನಮ್ಮ ಮ್ಯಾನೇಜರ್ ಕೂಡ ಎರಡೆರಡು ಸಲ ಕೇಳಿಸಿಕೊಳ್ಳಬೇಕಾಗುತ್ತಿತ್ತು. ಮೊದಲ ವಾರವೇ ನಮ್ಮ ಹೊಸ ಮಾದರಿಯೊಂದನ್ನು ಬಿಚ್ಚಿ, ತೆಗೆದ ಸ್ಕ್ರೂಗಳನ್ನು ತೆಗೆದ ಕ್ರಮದಲ್ಲೇ ಮೇಜಿನ ಮೇಲೆ ಟೇಪಿಗೆ ಅಂಟಿಸಿ ಸಾಲಾಗಿ ಇಟ್ಟುಕೊಂಡಿದ್ದಳು. ಅದನ್ನು ನೋಡಿದ್ದೇ, ಈಕೆ ಕೆಲಸದವಳು ಎಂದು ನನಗೆ ಖಾತ್ರಿಯಾಯಿತು.

ಹತ್ತೂವರೆಗೆ ಬಿಸ್ಕತ್ತು ಕೊಟ್ಟು ಆಕೆಯನ್ನೂ ಕೂರಿಸಿದೆ. ಹೊಸ ಯಂತ್ರ ಇಪ್ಪತ್ತು ಸೆಕೆಂಡು ಸುಮ್ಮನಿದ್ದು, ಆಮೇಲೆ ನೂರು ಎಂದಿತು. ಮಾನಿಟರ್‌ನಲ್ಲಿ ತೊಂಬತ್ತಾರು. ಇನ್ನೊಂದು ಯಂತ್ರ ಹಾಕಿದೆ, ಅದೂ ನೂರೇ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದ ಮ್ಯಾನೇಜರ್, ಏಳನೆಯ ನಿಯಮ ಹಾಕಿ ಬೇರೊಬ್ಬರನ್ನು ಕರೆಯಿರಿ ಎಂದರು. ಅವರ ದನಿಯಲ್ಲಿ ಯಾವ ಕೆಟ್ಟದ್ದೂ ಇರಲಿಲ್ಲ. ಅದೇನು ನಿಯಮ ಎಂದು ಆಕೆ ಕೇಳಿದಳು. ಹಬ್ಬ, ಗೋರಂಟಿ, ಎಲ್ಲವನ್ನೂ ನಾನು ತಮಾಷೆಯಾಗಿ ವಿವರಿಸಿದೆ. ಆಕೆ ಎರಡೂ ಕೈ ಮೇಜಿನ ಮೇಲೆ ಹರಡಿ ಹಿಡಿದಳು.

"ನಾನೇನೂ ಹಚ್ಕೊಂಡಿಲ್ಲವಲ್ಲ" ಎಂದಳು.

ಉಗುರಿಗೆ ಬಣ್ಣ ಕೂಡ ಇರಲಿಲ್ಲ. ಆದರೂ ಆ ಹಾಳೆಯಲ್ಲಿ ಏಳು ಎಂದು ಬರೆದು, ಪ್ಯಾಕಿಂಗ್ ವಿಭಾಗದ ಒಬ್ಬನನ್ನು ಕರೆದು ಕೂರಿಸಿದೆ. ಇದನ್ನು ಮುಚ್ಚಿಡುವುದಿಲ್ಲ. ಅಭ್ಯಾಸಬಲ ಎನ್ನುವುದು ಎಂಥ ಕೆಟ್ಟದ್ದೆಂದು ನನಗೆ ಅವತ್ತು ಗೊತ್ತಾಯಿತು.

ಮಾರನೆಯ ದಿನ ಬೇಗ ಹೋಗಿ ಬೀರುವಿನಿಂದ ಹಳೆಯ ಟೆಸ್ಟ್ ಹಾಳೆಗಳನ್ನು ತೆಗೆದೆ. ಏಳು ಎಂದು ಬರೆದ ಹಾಳೆಗಳನ್ನೆಲ್ಲ ಒಂದು ಕಡೆ ಇಟ್ಟೆ. ಮೊದಲನೆಯದು ನನ್ನದು. ಉಳಿದವುಗಳಲ್ಲಿ ಯಾರಿದ್ದರು ಗೊತ್ತೇ? ನೆಲ ಒರೆಸಲು ಬರುತ್ತಿದ್ದ ಘಾನಾದವನು, ಕ್ಯಾಂಟೀನಿನ ಕಾಂಗೋ ಹೆಂಗಸು, ಬೇಸಿಗೆಯಲ್ಲಿ ಎರಡು ತಿಂಗಳು ಕಲಿಯಲು ಬಂದಿದ್ದ ಒಬ್ಬ ವಿದ್ಯಾರ್ಥಿ. ಯಾರೂ ಗೋರಂಟಿ ಹಚ್ಚಿಕೊಂಡವರಲ್ಲ. ಅವರ ಚರ್ಮವನ್ನೇ ನಾವು ಬಣ್ಣ ಎಂದು ಬರೆದುಕೊಂಡಿದ್ದೆವು. ಪ್ರತಿ ಹಾಳೆಯ ಕೆಳಗೆ ನನ್ನ ಸಹಿ ಇತ್ತು.

ಸಂಜೆ ಒಬ್ಬ ಡಾಕ್ಟರಿಗೆ ಫೋನ್ ಮಾಡಿದೆ. ದಾವಣಗೆರೆಯಲ್ಲಿ ಓದಿ ಇಲ್ಲಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವ ಕೆಲಸದಲ್ಲಿದ್ದಾರೆ, ನನಗಿಂತ ಹಿರಿಯರು, ಹಾಗಾಗಿ ಅಕ್ಕ ಎನ್ನುತ್ತೇನೆ. ಯಂತ್ರ ಮೂರು ನಾಲ್ಕು ಅಂಕಿ ಹೆಚ್ಚು ತೋರಿಸಿದರೆ ಅಷ್ಟೇನೂ ತೊಂದರೆಯಿಲ್ಲ ಅಲ್ಲವೇ ಎಂದು ಕೇಳಿದೆ. ತೊಂದರೆಯಿಲ್ಲ ಎಂದುಬಿಡಲಿ ಎಂದು ಆಸೆಯಿತ್ತು.

"ಏನಮ್ಮಾ ಹಿಂಗಂತೀಯಾ? ಆ ನಂಬರ್ ನೋಡ್ಕೊಂಡೇ ಯಾರನ್ನ ಅಡ್ಮಿಟ್ ಮಾಡ್ಬೇಕು, ಯಾರನ್ನ ಮನೆಗೆ ಕಳಿಸ್ಬೇಕು ಅಂತ ನಾವು ತೀರ್ಮಾನ ಮಾಡೋದು. ಕಪ್ಪು ಚರ್ಮದವರಲ್ಲಿ ಜಾಸ್ತಿ ತೋರಿಸುತ್ತೆ ಅಂತ ನಮಗೆ ಗೊತ್ತೈತೆ. ಅದನ್ನ ಮಾಡೋರಿಗೆ ಗೊತ್ತಿಲ್ವಾ?"

ಮರುದಿನ ದೋಷ ವರದಿಯ ಫಾರಂ ತುಂಬಿದೆ. ದೋಷ ಎಲ್ಲಿದೆ ಎಂಬಲ್ಲಿ ಏಳನೆಯ ನಿಯಮ ಎಂದೂ, ಯಾರ ಲೋಪ ಎಂಬಲ್ಲಿ ನನ್ನ ಹೆಸರನ್ನೂ ಬರೆದೆ. ಆ ಫಾರಂ ಒಮ್ಮೆ ದಾಖಲಾದರೆ ಅದು ಮುಗಿಯುವವರೆಗೆ ಮಾದರಿ ಹೊರಗೆ ಹೋಗುವ ಹಾಗಿಲ್ಲ. ಮ್ಯಾನೇಜರ್ ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನಿಮ್ಮ ಮೇಲೆ ನೀವೇ ದೂರು ಕೊಟ್ಟುಕೊಂಡಿದ್ದೀರಿ, ಇಷ್ಟು ವರ್ಷದಲ್ಲಿ ಇಂಥದ್ದು ನೋಡಿಲ್ಲ ಎಂದರು. ಸಿಟ್ಟಿಗಿಂತ ದಣಿವು ಹೆಚ್ಚಾಗಿತ್ತು ಆ ಮುಖದಲ್ಲಿ. ಆಂಬ್ಯುಲೆನ್ಸ್‌ನವರು ಯಂತ್ರಕ್ಕೆ ಕಾಯುತ್ತಿದ್ದರು. ಕ್ರಿಸ್‌ಮಸ್‌ಗೆ ಕಾರ್ಖಾನೆ ಮುಚ್ಚುವವರೆಗೆ ಸಮಯ ಕೊಡುತ್ತೇನೆ ಎಂದರು. ಅಷ್ಟರಲ್ಲಿ ಸರಿಹೋದರೆ ಸರಿ, ಇಲ್ಲದಿದ್ದರೆ ಕಪ್ಪು ಚರ್ಮದವರಲ್ಲಿ ಅಂಕಿ ತಪ್ಪಾಗಬಹುದು ಎಂದು ಕೈಪಿಡಿಯಲ್ಲಿ ಒಂದು ಸಾಲು ಹಾಕಿ ಯಂತ್ರವನ್ನು ಹಾಗೆಯೇ ಕಳಿಸುವುದು. ಆ ಕೈಪಿಡಿಯನ್ನು ಯಾರು ಓದುತ್ತಾರೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಹಾಗೆ ಶುರುವಾದ ಆ ಮೂರು ತಿಂಗಳುಗಳನ್ನು ನೆನೆದರೆ ಇವತ್ತಿಗೂ ಆಸೆಯಾಗುತ್ತದೆ. ಅಷ್ಟು ಕಷ್ಟಪಟ್ಟು, ಅಷ್ಟು ಜಗಳವಾಡಿ, ಅಷ್ಟು ನಕ್ಕು ನಾನು ಮತ್ತೆ ಎಂದೂ ಕೆಲಸ ಮಾಡಿಲ್ಲ. ಇಂಜಿನಿಯರ್ ಮಾಡುವುದು, ನಾನು ಅದನ್ನು ಕೆಡಿಸುವ ದಾರಿ ಹುಡುಕುವುದು, ಇದೇ ನಮ್ಮ ಒಪ್ಪಂದ.

ಆಕೆ ಹಿಡಿದ ಎಳೆ ಸರಳವಾದದ್ದು. ನಮ್ಮ ಯಂತ್ರದ ಬೆಳಕಿಗೆ ಒಂದೇ ಅಳತೆ. ಬೆಳ್ಳಗಿನ ಬೆರಳಿಗೆ ಸಾಕಾಗುವಷ್ಟು ಅಳತೆ ಅದು. ಕಪ್ಪು ಚರ್ಮ ಅದರಲ್ಲಿ ಹೆಚ್ಚಿನ ಪಾಲನ್ನು ಹೀರಿಕೊಂಡುಬಿಟ್ಟರೆ ಆಚೆ ಬದಿಗೆ ತಲುಪುವುದು ಅಷ್ಟಿಷ್ಟು, ಆ ಅಷ್ಟಿಷ್ಟರಲ್ಲಿ ಯಂತ್ರ ಊಹೆ ಮಾಡುತ್ತಿತ್ತು. ಬೆಳಕನ್ನು ಹೆಚ್ಚಿಸಿ ಮೊದಲ ಯಂತ್ರ ಕೊಟ್ಟಳು. ಆಕೆಯ ಬೆರಳಿಗೆ ಸರಿಯಾಗಿ ಬಂತು, ನನ್ನದಕ್ಕೂ ಬಂತು. ಮ್ಯಾನೇಜರ್ ಬೆರಳಿಟ್ಟರೆ ಬೆಳಕು ಉಕ್ಕಿಹೋಗಿ ಅಂಕಿ ಕುಣಿಯತೊಡಗಿತು. ಆಕೆ ಬಿಸ್ಕತ್ತಿನ ಡಬ್ಬವನ್ನು ಅವರಿಂದ ಹಿಂದಕ್ಕೆ ಎಳೆದುಕೊಂಡು, "ಇವತ್ತು ಏಳನೇ ನಿಯಮ ನಿಮಗೆ ಸರ್, ಬೇರೆಯವರನ್ನ ಕರೀತೀವಿ" ಎಂದಳು. ಮ್ಯಾನೇಜರ್ ಕಿವಿಯವರೆಗೆ ಕೆಂಪಾದರು. ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ.

ಎರಡನೆಯ ಪ್ರಯತ್ನಕ್ಕೆ ಆಕೆ ಮೆಟ್ಟಿಲು ಎಂದು ಹೆಸರಿಟ್ಟಳು. ಯಂತ್ರ ಕಡಿಮೆ ಬೆಳಕಿನಿಂದ ಶುರುಮಾಡಿ, ನಾಡಿಯ ಅಲೆ ಸ್ಪಷ್ಟವಾಗುವವರೆಗೆ ಒಂದೊಂದೇ ಮೆಟ್ಟಿಲು ಹತ್ತಬೇಕು. ಯಾವ ಮೆಟ್ಟಿಲಲ್ಲಿ ನಿಂತಿತೋ ಅದಕ್ಕೆ ತಕ್ಕ ಲೆಕ್ಕದ ಕೋಷ್ಟಕ ಬಳಸಬೇಕು. ಕೊನೆಯ ಮೆಟ್ಟಿಲಲ್ಲೂ ಸ್ಪಷ್ಟವಾಗದಿದ್ದರೆ ಅಂಕಿಯ ಬದಲು ಬರೀ ಗೆರೆ ತೋರಿಸಬೇಕು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲಿ, ಸುಳ್ಳು ಹೇಳುವುದು ಬೇಡ ಎನ್ನುವುದು ಆಕೆಯ ಹಟ.

ಕೋಷ್ಟಕಕ್ಕೆ ಬೇರೆ ಬೇರೆ ಬಣ್ಣದ ಬೆರಳು ಬೇಕು. ಅತ್ಲೋನಿನಲ್ಲಿ ಬೆರಳಿಗೆ ಬರವಾಗಿ, ರಬ್ಬರಿನಂಥ ಸಿಲಿಕೋನಿನಿಂದ ಬೆರಳು ಮಾಡುವ ಉಪಾಯ ಹೂಡಿದೆವು. ಡಬ್ಲಿನ್ನಿನ ಅಂಗಡಿಯೊಂದಕ್ಕೆ ಹೋಗಿ ಮುಖಕ್ಕೆ ಹಚ್ಚುವ ಫೌಂಡೇಶನ್ನನ್ನು ತಿಳಿಯಿಂದ ಕಡುಗಪ್ಪಿನವರೆಗೆ ಹತ್ತು ಛಾಯೆಗಳಲ್ಲಿ ಕೊಂಡುಕೊಂಡೆವು. ನಿಮ್ಮಿಬ್ಬರಿಗೂ ಹೊಂದುವುದು ಇಷ್ಟರಲ್ಲಿ ಎರಡೇ ಎಂದು ಅಂಗಡಿಯವಳು ಪಾಪ ಎಷ್ಟೋ ಹೇಳಿದಳು. ಸಿಲಿಕೋನಿಗೆ ಕಲಸಿ ಎರಕ ಹೊಯ್ದ ಹತ್ತು ಬೆರಳುಗಳು ನೋಡಲು ಬಲು ಚೆಂದ ಬಂದವು, ಮಾಪನಕ್ಕೆ ಒಂದೂ ಕೆಲಸಕ್ಕೆ ಬರಲಿಲ್ಲ. ಕಣ್ಣಿಗೆ ಚರ್ಮದಂತೆ ಕಂಡದ್ದು ಬೆಳಕಿಗೆ ಚರ್ಮದಂತೆ ಇರಲಿಲ್ಲ. ಎರಡು ವಾರ ನೀರುಪಾಲಾಯಿತು.

ಅಷ್ಟರಲ್ಲಿ ಅಕ್ಟೋಬರ್ ಬಂತು. ಕಪ್ಪು ಜನರ ಇತಿಹಾಸದ ತಿಂಗಳೆಂದು ಕಾರಿಡಾರಿನಲ್ಲಿ ಪೋಸ್ಟರ್ ಹಚ್ಚಿದರು. ಬಲ್ಬಿನೊಳಗಿನ ತಂತಿಯನ್ನು ಬಾಳಿಕೆ ಬರುವಂತೆ ಮಾಡಿದವನು, ರಸ್ತೆ ಕೂಡುವಲ್ಲಿ ಮೂರು ಸೂಚನೆ ಕೊಡುವ ಸಿಗ್ನಲ್ ಕಂಬ ಮಾಡಿದವನು, ಹೀಗೆ ಕಪ್ಪು ಜನಾಂಗದ ಸಂಶೋಧಕರ ಸಾಲು. ಪೋಸ್ಟರಿನ ಪಕ್ಕ ನಿಲ್ಲಿಸಿ ಇಂಜಿನಿಯರ್ ಫೋಟೋ ತೆಗೆಯಬೇಕೆಂದು ಎಚ್ಆರ್‌ನಿಂದ ಬಂದರು. ಆಕೆಗೆ ಸಿಟ್ಟು ಬರುತ್ತದೆ ಎಂದುಕೊಂಡೆ. ಬದಲಿಗೆ ಆಕೆ ಒಂದೊಂದನ್ನೂ ನಿಂತು ಓದಿದಳು. ಒಬ್ಬನ ಮುಂದೆ ತುಂಬ ಹೊತ್ತು ನಿಂತಳು. ಇಂಜಿನಿಯರಿಂಗ್ ಓದಿದ್ದ ಅವನಿಗೆ ಕಪ್ಪಗಿದ್ದಾನೆಂದು ರೈಲು ಇಂಜಿನ್ನಿಗೆ ಕಲ್ಲಿದ್ದಲು ಹಾಕುವ, ಎಣ್ಣೆ ಬಿಡುವ ಕೆಲಸ ಕೊಟ್ಟರಂತೆ. ಅವನು ರೈಲು ಓಡುತ್ತಿರುವಾಗಲೇ ತನ್ನಷ್ಟಕ್ಕೆ ಎಣ್ಣೆ ಬಿಟ್ಟುಕೊಳ್ಳುವ ಸಾಧನ ಮಾಡಿದನಂತೆ.

"ಇವನನ್ನ ಹೊಗಳ್ಬೇಕು ನಿಜ. ಆದರೆ ಇವನಿಗೆ ಎಣ್ಣೆ ಡಬ್ಬ ಕೊಟ್ಟವರ ಪೋಸ್ಟರ್ ಎಲ್ಲಿ?" ಎಂದಳು. ಆಮೇಲೆ ಫೋಟೋಕ್ಕೆ ಚೆನ್ನಾಗಿ ನಕ್ಕಳು. ಕೈಯಲ್ಲಿ ಮೆಟ್ಟಿಲಿನ ಯಂತ್ರ ಹಿಡಿದುಕೊಂಡೇ ನಿಲ್ಲುತ್ತೇನೆ ಎಂದು ಶರತ್ತು ಹಾಕಿದ್ದಳು. ಆ ಚಿತ್ರ ಇನ್ನೂ ನನ್ನ ಫೋನಿನಲ್ಲಿದೆ, ಆಗಾಗ ತೆಗೆದು ನೋಡುತ್ತೇನೆ.

ನವೆಂಬರಿನಲ್ಲಿ ಆಕೆಯೇ ದಾರಿ ತೋರಿಸಿದಳು. ತಮ್ಮ ಚರ್ಚಿಗೆ ಹೋಗೋಣ, ಬೇಕಾದಷ್ಟು ಬೆರಳು ಸಿಗುತ್ತವೆ ಎಂದಳು. ಮ್ಯಾನೇಜರ್ ಅನುಮತಿಯ ಪತ್ರಗಳನ್ನು ಮಾಡಿಸಿಕೊಟ್ಟರು. ಒಂದು ಭಾನುವಾರ ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಆಕೆಯ ಕಾರಿನಲ್ಲಿ ಕ್ಲಾಂಡಾಲ್ಕಿನ್‌ಗೆ ಹೋದೆ. ಇಂಡಸ್ಟ್ರಿಯಲ್ ಎಸ್ಟೇಟಿನೊಳಗೆ ಟೈರ್ ಅಂಗಡಿಗೂ ಟೈಲ್ಸ್ ಗೋದಾಮಿಗೂ ನಡುವೆ ಅವರ ಚರ್ಚು. ಪ್ರಾರ್ಥನೆ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಮೇಜು ಹಾಕಿ ಕೂತೆವು. ಬುರ್ಖಾ ಹಾಕಿದವಳು ಬಂದಿದ್ದಾಳೆಂದು ಯಾರೂ ಮುಖ ತಿರುಗಿಸಲಿಲ್ಲ. ಒಬ್ಬ ಅಜ್ಜಿ ತಟ್ಟೆ ತುಂಬ ಟೊಮೆಟೊ ಹಾಕಿದ ಕೆಂಪನ್ನವನ್ನೂ ಕೋಳಿಯನ್ನೂ ತಂದಿಟ್ಟು, ಕೋಳಿ ಹಲಾಲ್ ಅಂಗಡಿಯದ್ದೇ, ಸಂಶಯವಿಲ್ಲದೆ ತಿನ್ನು ಎಂದರು. ದೊಡ್ಡ ದೊಡ್ಡ ರುಮಾಲು ಸುತ್ತಿದ ಹೆಂಗಸರು, ಸೂಟು ತೊಟ್ಟ ಗಂಡಸರು ಒಪ್ಪಿಗೆ ಪತ್ರ ಹಿಡಿದು ಸಾಲಾಗಿ ನಿಂತರು. ಬಿಸ್ಕತ್ತು ಸಾಲದೆ ಬಂತು.

ಕೊನೆಯಲ್ಲಿ ಬಂದವರು ಇಂಜಿನಿಯರಿನ ಅಪ್ಪ. ಮೊದಲು ಟ್ಯಾಕ್ಸಿ ಓಡಿಸುತ್ತಿದ್ದರಂತೆ. ಬಾಗಿಲಿನಿಂದ ನಮ್ಮ ಮೇಜಿಗೆ ಬರುವಷ್ಟರಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಂಡರು. ಹೋಲಿಸಿ ನೋಡಲೆಂದು ಪ್ರತಿಯೊಬ್ಬರಿಗೂ ಮೊದಲು ನಮ್ಮ ಹಳೆಯ ಯಂತ್ರ ಹಾಕುತ್ತಿದ್ದೆ, ಅವರಿಗೂ ಹಾಕಿದೆ. ತೊಂಬತ್ತೆಂಟು ಎಂದಿತು. ಮಾನಿಟರ್‌ನಲ್ಲಿ ತೊಂಬತ್ತೊಂದು.

ಅವರು ಹಳೆಯ ಯಂತ್ರವನ್ನೇ ನೋಡುತ್ತ, "ತೊಂಬತ್ತೆಂಟು. ಅವತ್ತೂ ಇದನ್ನೇ ಹೇಳಿದ್ರಮ್ಮ" ಎಂದರು.

ಕೋವಿಡ್ ಸಮಯದಲ್ಲಿ ಉಸಿರು ಸಾಲುತ್ತಿಲ್ಲ ಎಂದು ಎರಡು ಸಲ ಆಸ್ಪತ್ರೆಗೆ ಹೋಗಿದ್ದರಂತೆ. ಎರಡು ಸಲವೂ ಬೆರಳಿಗೆ ಕ್ಲಿಪ್ ಹಾಕಿ, ಅಂಕಿ ಚೆನ್ನಾಗಿದೆ, ಗಾಬರಿಯಾಗಬೇಡಿ ಎಂದು ಮನೆಗೆ ಕಳಿಸಿದ್ದರು. ಮೂರನೆಯ ಸಲ ಆಂಬ್ಯುಲೆನ್ಸಿನಲ್ಲಿ ಹೋದರು. ಪ್ರಾಣ ಉಳಿಯಿತು, ಶ್ವಾಸಕೋಶ ಮೊದಲಿನಂತಾಗಲಿಲ್ಲ. ಅದು ಯಾವ ಕಂಪನಿಯ ಯಂತ್ರ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಇಂದಿಗೂ ಕೇಳಿಲ್ಲ.

ಮೆಟ್ಟಿಲಿನ ಯಂತ್ರ ಹಾಕಿದೆವು. ಅವರ ಬೆರಳು ತಣ್ಣಗಿತ್ತು, ನಾಡಿ ಕ್ಷೀಣವಾಗಿತ್ತು. ಹತ್ತು ಸೆಕೆಂಡು ಕಳೆಯಿತು. ಬರೀ ಗೆರೆ. ಇನ್ನೊಮ್ಮೆ ಹಾಕಿದೆವು, ಮತ್ತೆ ಗೆರೆ. ನಮ್ಮ ನಿಯಮದ ಪ್ರಕಾರ ಇದು ಫೇಲ್. ಇಪ್ಪತ್ತೇಳು ಜನರಿಗೆ ಸರಿಬಂದದ್ದು ಇವರೊಬ್ಬರಿಗೆ ಬರಲಿಲ್ಲ. ಇಂಜಿನಿಯರ್ ವೈರುಗಳನ್ನು ಸುತ್ತಿದಳು.

ವಾಪಸು ಬರುವಾಗ ಅಪ್ಪನ ವಿಷಯ ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರೆ ನೀವೆಲ್ಲ ಅಯ್ಯೋ ಪಾಪ ಅಂತ ಒಪ್ಕೊಳ್ತಿದ್ರಿ. ನನಗೆ ಅದು ಬೇಡ. ಲೆಕ್ಕ ಸರಿ ಇದೆ ಅಂತ ಒಪ್ಕೊಳ್ಬೇಕು."

ಸೋಮವಾರ ಮ್ಯಾನೇಜರ್ ಮುಂದೆ ಹಾಳೆಗಳನ್ನು ಇಟ್ಟೆವು. ಹತ್ತು ಸೆಕೆಂಡಿನ ಬದಲು ಮೂವತ್ತು ಕೊಟ್ಟರೆ ಯಂತ್ರ ಕೊನೆಯ ಮೆಟ್ಟಿಲಲ್ಲಿ ನಿಂತು ಕ್ಷೀಣ ನಾಡಿಯನ್ನೂ ಹಲವು ಬಡಿತಗಳವರೆಗೆ ಕೂಡಿಸಿ ಅಳೆಯಬಲ್ಲದು ಎಂದು ಆಕೆ ವಾದಿಸಿದಳು. ಈ ಹತ್ತು ಸೆಕೆಂಡು ಬಂದದ್ದಾದರೂ ಎಲ್ಲಿಂದ ಎಂದು ನಾನು ಕೇಳಿದೆ. ಅಂತರರಾಷ್ಟ್ರೀಯ ಮಾನದಂಡ ಏನೋ ಇರಬೇಕೆಂದು ಇಷ್ಟು ವರ್ಷ ನಂಬಿದ್ದೆ. ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನರ್ಸ್‌ಗಳಿಗೆ ಕಾಯುವ ಪುರುಸೊತ್ತಿರುವುದಿಲ್ಲ ಎಂದು ಯಾವಾಗಲೋ ತಾವೇ ಬರೆದದ್ದೆಂದು ಒಪ್ಪಿಕೊಂಡರು. ಪುಸ್ತಕ ತರಿಸಿ, ಹತ್ತನ್ನು ಹೊಡೆದು ಮೂವತ್ತು ಎಂದು ಬರೆದು, ಪಕ್ಕದಲ್ಲಿ ತಮ್ಮ ಸಹಿ ಹಾಕಿದರು. ಅದೇ ಪುಟದಲ್ಲಿ ಏಳನೆಯ ನಿಯಮದ ಮೇಲೆ ನಾನೂ ಗೆರೆ ಎಳೆದೆ. ರೀಡಿಂಗ್ ಬಾರದಿದ್ದರೆ ವ್ಯಕ್ತಿಯನ್ನು ಬದಲಿಸಕೂಡದು, ಯಂತ್ರದ ದೋಷವೆಂದು ಬರೆಯುವುದು, ಎಂದು ಅಲ್ಲಿ ಹೊಸದಾಗಿ ಬರೆದೆ.

ಆಕೆ ಈಗ ಅತ್ಲೋನಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಾಳೆ. ಮೆಟ್ಟಿಲಿನ ಪೇಟೆಂಟಿನಲ್ಲಿ ಮೊದಲ ಹೆಸರು ಆಕೆಯದು. ಮ್ಯಾನೇಜರ್ ನಿವೃತ್ತರಾದರು. ಹತ್ತೂವರೆಗೆ ಬೆರಳು ಚಾಚುವ ಪದ್ಧತಿಯೂ ಹೋಗಿ, ಹೊರಗಿನ ಲ್ಯಾಬೊಂದಕ್ಕೆ ಪರೀಕ್ಷೆ ಒಪ್ಪಿಸಿದ್ದಾರೆ. ಒಳ್ಳೆಯದೇ ಆಯಿತು, ಆದರೂ ಹತ್ತೂವರೆಯಾದರೆ ನನಗೆ ಕೈಕಟ್ಟಿ ಹಾಕಿದಂತಾಗುತ್ತದೆ.

ಆ ವರ್ಷ ಕ್ರಿಸ್‌ಮಸ್ ರಜೆಗೆ ಕಾರ್ಖಾನೆ ಮುಚ್ಚಲು ಐದು ದಿನವಿರುವಾಗ ಮತ್ತೆ ಕ್ಲಾಂಡಾಲ್ಕಿನ್‌ಗೆ ಹೋದೆವು. ಈ ಸಲ ಮ್ಯಾನೇಜರ್ ಕೂಡ ಬಂದರು. ಇಂಜಿನಿಯರಿನ ಅಪ್ಪ ಮೊದಲೇ ಬಂದು ಕುರ್ಚಿಯಲ್ಲಿ ಕೂತಿದ್ದರು. ಒಂದು ಕೈಗೆ ಮಾನಿಟರ್, ಇನ್ನೊಂದಕ್ಕೆ ನಮ್ಮ ಯಂತ್ರ. ಹತ್ತು ಸೆಕೆಂಡು, ಗೆರೆ. ಹದಿನೈದು, ಗೆರೆ. ಮಗಳು ಯಂತ್ರದ ಕಡೆ ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತಿದ್ದಳು. ನಾನು ಗಡಿಯಾರ ನೋಡುತ್ತ ಸೆಕೆಂಡು ಎಣಿಸುತ್ತಿದ್ದೆ. ಇಪ್ಪತ್ತೆರಡಕ್ಕೆ ಅಂಕಿ ಬಂತು.

ತೊಂಬತ್ತೊಂದು. ಮಾನಿಟರ್‌ನಲ್ಲೂ ತೊಂಬತ್ತೊಂದು.

ಒಳ್ಳೆಯ ಅಂಕಿಯಲ್ಲ ಅದು. ಯಾವ ಡಾಕ್ಟರು ನೋಡಿದರೂ ಹುಬ್ಬು ಗಂಟಿಕ್ಕುತ್ತಾರೆ. ಆಕೆಯ ಅಪ್ಪ ಆ ಪುಟ್ಟ ಪರದೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಮುಖ ಅಗಲವಾಯಿತು. ಮಗಳ ತೋಳು ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

"ನೋಡು, ಉಸಿರು ಸಾಲ್ತಿಲ್ಲ ಅಂತ ನಾನು ಅವತ್ತು ಸುಳ್ಳು ಹೇಳಿರಲಿಲ್ಲ" ಎಂದರು.